ಮುಸುಕಿನವನೂ ಡಾಕ್ಟರೂ

12 ಆಗಸ್ಟ್ 1963, ಸೋಮವಾರ

ಇವತ್ತಿನಿಂದ ನಾನು ಮಲಗಿರಬೇಕಂತೆ. ಜ್ವರವಿಲ್ಲ, ಕೈಕಾಲು ಮುರಿದಿಲ್ಲ. ಬಸುರಿಗೆ ನಾಲ್ಕು ತಿಂಗಳು. ಹಿಂದೆ ಎರಡು ಸಲ ಇದೇ ಹೊತ್ತಿಗೆ ಹೋಯಿತು. ಈ ಸಲ ನಿಲ್ಲಬೇಕಾದರೆ ಹೆರಿಗೆಯವರೆಗೂ ಮಂಚ ಬಿಟ್ಟು ಇಳಿಯಬಾರದು ಎಂದು ಪೇಟೆಯ ಲೇಡಿ ಡಾಕ್ಟರು ಹೇಳಿ ಕಳಿಸಿದ್ದಾರೆ. ಬಸ್ಸು ಬೇಡ, ಜಟಕಾ ಬೇಡ. ಅಂದರೆ ಯಶವಂತಪುರದ ತವರಿಗೂ ಹೋಗುವಂತಿಲ್ಲ. ಈ ಕೊಡಿಗೇಹಳ್ಳಿಯಲ್ಲೇ, ನಡುಮನೆಯ ಮಂಚದ ಮೇಲೆ, ಹಗಲೆಲ್ಲ ಅತ್ತೆಯ ಕಣ್ಣೆದುರಿಗೆ.

ಅತ್ತೆ ಪಟಾಲಮ್ಮನವರಿಗೂ ನನಗೂ ಜಗಳವೇನಿಲ್ಲ. ಜಗಳ ಆಡುವಷ್ಟು ಮಾತೇ ನಡೆದಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು, ಅವರಿಗೆ ಅಕ್ಷರ ಬಾರದು. ನಾನು ಪೇಪರು ಓದುತ್ತಿದ್ದರೆ ಅದರಲ್ಲಿ ಮಾವನ ಹೊಗೆಸೊಪ್ಪು ಸುತ್ತಲು ಕೇಳುತ್ತಾರೆ.

ಮಗು ಉಳಿಯಲಿ. ನನಗೇನಾದರೂ ಚಿಂತೆಯಿಲ್ಲ. ಇದನ್ನು ಸುಮ್ಮನೆ ಬರೆಯುತ್ತಿಲ್ಲ, ಮನಸ್ಸಿನಿಂದ ಬರೆಯುತ್ತಿದ್ದೇನೆ. ಸ್ಕೂಲಿನಲ್ಲಿ ತಾಯಿಯ ತ್ಯಾಗದ ಬಗ್ಗೆ ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡವಳು ನಾನು.

22 ಆಗಸ್ಟ್, ಗುರುವಾರ

ಇವರು ರೇಡಿಯೋ ತಂದರು! ಹೆಬ್ಬಾಳದ ದನದ ಡಾಕ್ಟರ ಕಾಲೇಜಿನಲ್ಲಿ ಇವರ ಜೊತೆ ಗುಮಾಸ್ತರಾಗಿದ್ದವರೊಬ್ಬರಿಗೆ ವರ್ಗವಾಯಿತಂತೆ, ಅವರದ್ದು. ಇವರು ನನ್ನ ಮುಂದೆ ಅದನ್ನಿಟ್ಟು, ‘ಬೇಜಾರು ಕಳೀಲಿ ಅಂತ’ ಎಂದಷ್ಟೇ ಹೇಳಿ ತಂತಿ ಕಟ್ಟಲು ಮಾಡು ಹತ್ತಿದರು. ಇವರು ಹಾಗೆಯೇ. ನಾಲ್ಕು ಮಾತು ಬೇಕಾದ ಕಡೆ ಒಂದಾಡಿ ಏನಾದರೂ ಹತ್ತಿಬಿಡುತ್ತಾರೆ.

ಗುರುವಾರ ಸಂಜೆ ಅದರಲ್ಲಿ ಒಂದು ನಾಟಕ ಬರುತ್ತದೆ. ವಾರಕ್ಕೊಂದು ಕಂತು. ಒಂದು ಹಳ್ಳಿ ಆಸ್ಪತ್ರೆ, ಅಲ್ಲಿಗೆ ಬಂದ ಡಾಕ್ಟರು. ಎಂಥ ಗಂಭೀರವಾದ ಧ್ವನಿ! ಅತ್ತೆ ಪೆಟ್ಟಿಗೆಯ ಹಿಂದೆ ಮುಂದೆ ಬಗ್ಗಿ ನೋಡಿ, ‘ಮನೇಗೆ ಗಂಡ್ಸು ಬಂದು ಕುಂತು ಮಾತಾಡ್ತಾವ್ನೆ, ಮಖ ಮಾತ್ರ ತೋರ್ಸಲ್ಲ’ ಎಂದು ಸೆರಗು ಸರಿಮಾಡಿಕೊಂಡರು. ಆದರೆ ಮುಗಿಯುವವರೆಗೂ ಎದ್ದು ಹೋಗಲಿಲ್ಲ. ಒಲೆಯ ಮೇಲಿನ ಹುರುಳಿ ಸೀದುಹೋಯಿತು.

29 ಆಗಸ್ಟ್, ಗುರುವಾರ

ಇವತ್ತು ನಾಟಕ ಕೇಳಲು ಪಕ್ಕದ ಮನೆಯ ಮಲ್ಕಾ ಕೂಡ ಬಂದಿದ್ದಳು. ಅವಳ ಗಂಡ ಸರ್ದಾರ್ ನಮ್ಮೂರಿನ ದ್ರಾಕ್ಷಿಯನ್ನೆಲ್ಲ ಮಾರ್ಕೆಟ್ಟಿಗೆ ಸಾಗಿಸುವ ಲಾರಿ ಓಡಿಸುತ್ತಾರೆ. ಅವಳಿಗೆ ಮಕ್ಕಳು ಮೂರು, ನಗು ಮೂವತ್ತು.

ಕಥೆ ಹೀಗಿತ್ತು: ಡಾಕ್ಟರ ಹತ್ತಿರ ಒಂದೇ ಒಂದು ಸೀಸೆ ಔಷಧಿ. ರೋಗಿಗಳು ಇಬ್ಬರು. ಒಬ್ಬ ಜಮೀನ್ದಾರ, ಬದುಕಿದರೆ ಊರಿಗೆ ದೊಡ್ಡ ಆಸ್ಪತ್ರೆಯನ್ನೇ ಕಟ್ಟಿಸುತ್ತೇನೆ ಅನ್ನುತ್ತಾನೆ. ಇನ್ನೊಬ್ಬಳು ಕೂಲಿಯವಳು. ಡಾಕ್ಟರು ಕೂಲಿಯವಳಿಗೆ ಕೊಟ್ಟರು. ನಾನು ಚಪ್ಪಾಳೆ ತಟ್ಟಿದೆ.

‘ಮೊದಲು ಬಂದೋರು ಯಾರು?’ ಅಂದಳು ಮಲ್ಕಾ.

‘ಜಮೀನ್ದಾರ. ಅದಕ್ಕೇನೀಗ?’

‘ಮತ್ತೆ? ನಲ್ಲಿ ಹತ್ರ ನಾವು ಬಿಂದಿಗೆ ಸಾಲಾಗಿ ಇಡಲ್ವಾ? ಬಡವಿ ಅಂತ ನಾನು ನುಗ್ಗಿದ್ರೆ ನೀವು ಬಿಡ್ತೀರಾ?’

ಆಸ್ಪತ್ರೆ ಬಂದರೆ ಸಾವಿರ ಕೂಲಿಯವರು ಬದುಕುತ್ತಿದ್ದರು ಎಂದು ಮಾವ ಜಗಲಿಯಿಂದ ಕೂಗಿದರು. ಅವರು ಚಿಕ್ಕಹನುಮಯ್ಯನವರು, ಪಂಚಾಯ್ತಿ ಮೆಂಬರು. ಕಟ್ಟಡ ಅಂದರೆ ಸಾಕು. ಅತ್ತೆ ಮಾತ್ರ, ‘ಇನ್ನೊಂದು ಸೀಸೆ ತರಕ್ಕೇನು ರೋಗ ಅವನ್ಗೆ?’ ಎಂದರು. ಇಲ್ಲವಲ್ಲ ಅತ್ತೆ, ಒಂದೇ ಇರುವುದು, ಅದೇ ಕಥೆ ಅಂದರೆ, ‘ಅಂಗಾದ್ರೆ ಅದೆಂಥ ಕತೆ’ ಎಂದು ಎದ್ದರು.

ಅತ್ತೆಗೆ ಹೇಗೆ ತಿಳಿಸುವುದು?

9 ಸೆಪ್ಟೆಂಬರ್, ಸೋಮವಾರ

ನಕ್ಕು ನಕ್ಕು ಪಕ್ಕೆ ನೋವು. ಹೀಗೆ ನಗಬಹುದೋ ಇಲ್ಲವೋ ಲೇಡಿ ಡಾಕ್ಟರನ್ನು ಕೇಳಿಲ್ಲ.

ನಿನ್ನೆ ಅತ್ತೆಯೂ ಮಲ್ಕಾನೂ ಯಲಹಂಕದ ಟೆಂಟು ಸಿನಿಮಾಕ್ಕೆ ಹೋಗಿದ್ದರು. ಅತ್ತೆ ಹುಟ್ಟಿದ ಮೇಲೆ ನೋಡಿದ ಎರಡನೇ ಸಿನಿಮಾ. ಹಿಂದಿ ಸ್ಟಂಟು ಪಿಕ್ಚರು, ಒಂದು ಮಾತೂ ಅರ್ಥವಾಗಿಲ್ಲ, ಕಥೆ ಪೂರ್ತಿ ಅರ್ಥವಾಗಿದೆ. ಒಬ್ಬ ಕರಿ ಮುಸುಕು ಹಾಕಿಕೊಂಡು ಕುದುರೆ ಮೇಲೆ ಬರುತ್ತಾನಂತೆ. ಬೆಂಕಿಯಲ್ಲಿ ಸಿಕ್ಕ ಮುದುಕಿಯನ್ನೂ ಉಳಿಸಿದ, ಬಾವಿಗೆ ಬಿದ್ದ ಹುಡುಗಿಯನ್ನೂ ಉಳಿಸಿದ, ಅಷ್ಟರಲ್ಲಿ ಓಡಿಹೋಗುತ್ತಿದ್ದ ಕಳ್ಳನನ್ನೂ ಹಿಡಿದ. ಅತ್ತೆ ಮುಖಕ್ಕೆ ಸೆರಗು ಕಟ್ಟಿಕೊಂಡು, ಒನಕೆಯನ್ನೇ ಕುದುರೆ ಮಾಡಿಕೊಂಡು ನಡುಮನೆಯಲ್ಲಿ ಒಂದು ಸುತ್ತು ಹೊಡೆದರು. ಮಾವ ಒಳಗೆ ಬಂದವರು ಹಾಗೇ ಹಿಂದಕ್ಕೆ ಹೋದರು.

‘ನೋಡು, ಇವನು ಗಂಡು. ಇವನ್ನ ಉಳ್ಸಲಾ, ಅವನ್ನ ಉಳ್ಸಲಾ ಅಂತ ಕುಂತು ಗೋಳಾಡಿದ್ನಾ? ಇಬ್ರುನ್ನೂ ಉಳ್ಸುದ.’

‘ಅದು ಮೋಸ ಅತ್ತೆ. ಮನುಷ್ಯನಿಗೆ ಇರೋದು ಎರಡು ಕೈ. ನಿಮ್ಮ ಮುಸುಕಿನವನು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರೋಕಾಗಲ್ಲ. ಆಗ ಏನು ಮಾಡ್ತಾನೆ ಅನ್ನೋದರಲ್ಲೇ ಒಳ್ಳೆಯವನೋ ಅಲ್ಲವೋ ಗೊತ್ತಾಗೋದು.’

‘ಕುದ್ರೆ ಐತಲ್ಲ.’

ಹಗಲೆಲ್ಲ ಯೋಚಿಸಿ ಸಂಜೆಗೆ ಒಂದು ಉತ್ತರ ಸಿಕ್ಕಿತು, ಕೂಗಿ ಕರೆದು ಹೇಳಿದೆ: ರೇಡಿಯೋ ಡಾಕ್ಟರಿಗೂ ಸೈಕಲ್ ಇದೆ. ಅತ್ತೆ ಬಹಳ ಹೊತ್ತು ನಕ್ಕರು.

19 ಸೆಪ್ಟೆಂಬರ್, ಗುರುವಾರ

ಇವತ್ತಿನ ಕಂತಿನಲ್ಲಿ ಡಾಕ್ಟರು ಸುಳ್ಳು ಹೇಳಿದರು. ಸಾಯುತ್ತಿರುವ ಮುದುಕನಿಗೆ ‘ನಿನ್ನ ಮಗ ನಾಳೆ ಬರ್ತಾನೆ’ ಅಂದರು. ಮಗ ಯಾವತ್ತೋ ಸತ್ತಿದ್ದಾನೆ. ನನಗೆ ಬಹಳ ಬೇಸರವಾಯಿತು. ಇಂಥ ಡಾಕ್ಟರೇ ಸುಳ್ಳು ಹೇಳಿದರೆ ಇನ್ನು ಯಾರನ್ನು ನಂಬುವುದು? ಅತ್ತೆ, ‘ಸಾಯೋನ ಬಾಯಿಗೆ ನೀರು ಬಿಡ್ತೀವಲ್ಲ, ಅದೂ ಅಂಗೇ’ ಎಂದರು. ನಾನು ಒಪ್ಪಲಿಲ್ಲ. ನೀರು ನಿಜವಾದದ್ದು.

24 ಸೆಪ್ಟೆಂಬರ್, ಮಂಗಳವಾರ

ಸುಳ್ಳಿನ ಮಾತಿಗೆ ಬಂದರೆ! ಬೀದಿ ಕೊನೆಯ ಸುಬ್ಬಮ್ಮ ಬಂದು ಅತ್ತೆಯ ಹತ್ತಿರ, ‘ಎಲ್ರೂ ಬಸ್ರಾಗ್ತಾರೆ, ನಿನ್ನ ಸೊಸೆ ಒಬ್ಳೇ ಮಾರಾಣಿ ಅಂಗೆ ಮಲ್ಗಿರೋದು’ ಅಂದಳು. ನನಗೆ ಕೇಳಲೆಂದೇ. ಅತ್ತೆ ಸ್ವಲ್ಪವೂ ತಡಮಾಡದೆ, ‘ನಾನು ದೇವ್ರಿಗೆ ಹರಕೆ ಒತ್ತಿವ್ನಿ ಕಣೇ. ಮಗಾ ಉಟ್ಟೋಗಂಟ ಅವಳ ಪಾದ ನೆಲ ಮುಟ್ಟಬಾರ್ದು ಅಂತ. ಮುಟ್ಟಿದ್ರೆ ಬೀದಿಗೇ ಕೆಟ್ಟದ್ದಂತೆ’ ಎಂದರು. ಸುಬ್ಬಮ್ಮ ಹೊಸ್ತಿಲಿಗೆ ಕೈಮುಗಿದು ಹೋದಳು.

ಇಂಥ ಹರಕೆ ಯಾವುದೂ ಇಲ್ಲ. ‘ದೇವರ ಹೆಸರಲ್ಲಿ ಸುಳ್ಳಾ ಅತ್ತೆ?’ ಅಂದೆ. ‘ದೇವ್ರಿಗೆ ಗೊತ್ತಾಗ್ತದೆ ಬಿಡು’ ಎಂದು ರಾಗಿ ಬೀಸಲು ಹೋದರು.

ಮಧ್ಯಾಹ್ನದ ಹೊತ್ತಿಗೆ ಬೀದಿಯಿಂದ ಮೂರು ಮನೆಯವರು ನನಗೆಂದು ಪಲ್ಯ, ಮೊಸರು, ಹಣ್ಣು ಕಳಿಸಿದ್ದರು. ಪಲ್ಯ ಚೆನ್ನಾಗಿತ್ತು. ಸುಳ್ಳು ತಪ್ಪೇ.

16 ಅಕ್ಟೋಬರ್

ಮಳೆ. ರೇಡಿಯೋ ಕೆಟ್ಟಿದೆ. ಬೆನ್ನು ನೋವು. ಬೆಳಿಗ್ಗೆಯಿಂದ ಮಗು ಆಡಲಿಲ್ಲ ಅನ್ನಿಸಿ ಅತ್ತೆಯನ್ನು ಕೂಗಿದೆ. ಅವರು ಹೊಟ್ಟೆಯ ಮೇಲೆ ಕಿವಿಯಿಟ್ಟು ಬಹಳ ಹೊತ್ತು ಕೂತರು. ‘ನಿದ್ದೆ ಮಾಡ್ತಾ ಐತೆ. ಮಳೇಲಿ ಎಲ್ರೂ ಮಾಡ್ತಾರೆ’ ಅಂದರು. ಒಂದು ಒದೆ ಬೀಳುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ನನ್ನ ಬೆನ್ನಿಗೆ ಹರಳೆಣ್ಣೆ ತಿಕ್ಕಿದರು.

7 ನವೆಂಬರ್, ಗುರುವಾರ

ರೇಡಿಯೋ ರಿಪೇರಿಯಾಗಿ ಬಂದು ಇವತ್ತೇ ಮೊದಲ ನಾಟಕ. ಬರಬಾರದಿತ್ತು.

ಕಥೆಯಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟ. ಹಳ್ಳ ತುಂಬಿದೆ, ಪೇಟೆಗೆ ಹೋಗುವಂತಿಲ್ಲ. ಡಾಕ್ಟರು ಆಚೆಗೆ ಬಂದು ಗಂಡನನ್ನು ಕೇಳುತ್ತಾರೆ: ‘ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಬಲ್ಲೆ. ತಾಯಿಯನ್ನೋ, ಮಗುವನ್ನೋ?’ ಪಿಟೀಲು ಕುಯ್ಯೆಂದಿತು. ಮುಂದಿನ ವಾರ.

ಎಲ್ಲರೂ ನನ್ನ ಹೊಟ್ಟೆಯನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದರು. ಅವರ ಮುಜುಗರ ಹೋಗಲೆಂದು ನಾನೇ ಮೊದಲು ಮಾತಾಡಿದೆ. ಮಗುವನ್ನೇ ಉಳಿಸಬೇಕು. ತಾಯಿಯಾದವಳು ತನ್ನ ಪ್ರಾಣ ಕೊಟ್ಟಾದರೂ ಜೀವ ಕೊಡುವವಳು, ಅದೇ ಅವಳ ದೊಡ್ಡಸ್ತಿಕೆ. ಪ್ರಬಂಧ ಇನ್ನೂ ಬಾಯಿಗೆ ಬರುತ್ತದೆ. ಮಾವ ತಲೆದೂಗಿದರು. ಮಲ್ಕಾ ಕಾಫಿ ಲೋಟ ಅರ್ಧಕ್ಕೇ ಇಟ್ಟು, ಮನೆಯಲ್ಲಿ ಕೆಲಸವಿದೆ ಎಂದು ಎದ್ದು ಹೋದಳು.

ಅತ್ತೆ ಅಂದರು: ‘ಆ ಎಂಗ್ಸನ್ನ ಕೇಳುದ್ನಾ?’

‘ಯಾವ ಹೆಂಗಸನ್ನ?’

‘ಒಳಗೆ ನೋವು ತಿಂತಾವ್ಳಲ್ಲ, ಅವಳ್ನ. ಆಚೆ ನಿಂತಿರೋ ಗಂಡನ್ನ ಕೇಳಕ್ಕೆ ಅವನೇನು ಎರ್ತಾವ್ನಾ?’

‘ಅಷ್ಟು ನೋವಲ್ಲಿರೋರನ್ನ ಹ್ಯಾಗೆ ಕೇಳೋದು ಅತ್ತೆ?’

‘ಯಾಕೆ, ಬಾಯಿ ಬಿದ್ದೋಗಿರ್ತದಾ? ಇವನ್ನ ಎರೋವಾಗ ನಾನು ಸೂಲಗಿತ್ತೀನ ಊರಿಗೆಲ್ಲಾ ಕೇಳೋ ಅಂಗೆ ಬೈತಿದ್ದೆ. ಬೈಯಕ್ಕೆ ಬಂದೋಳಿಗೆ ಏಳಕ್ಕೆ ಬರಲ್ವಾ?’

ಇವರು ಎದ್ದು ತೋಟದ ಪಂಪು ನೋಡಿ ಬರುತ್ತೇನೆಂದು ಹೋದರು.

9 ನವೆಂಬರ್, ಶನಿವಾರ

ಮಲ್ಕಾ ಅವರೆಕಾಯಿ ತಂದು ಮಂಚದ ಪಕ್ಕ ಕೂತು ಸುಲಿಯತೊಡಗಿದಳು. ನಾನೂ ಕೈಹಾಕಿದೆ. ಮೊನ್ನೆ ಯಾಕೆ ಹೋಗಿಬಿಟ್ಟೆ ಅಂದೆ. ಅವಳು ತಲೆಯೆತ್ತದೆ ಹೇಳಿದಳು.

‘ನಾನು ಅಂಥಾ ಮಗೂನೇ ಲಕ್ಷ್ಮೀ. ನಮ್ಮಮ್ಮಿ ನನ್ನ ಹೆತ್ತು ಹೋದ್ಳು. ನೀನು ಮೊನ್ನೆ ಹೇಳಿದ್ದೆಲ್ಲಾ ನಮ್ಮ ದಾದಿ, ಅಪ್ಪನ ಅಮ್ಮ, ಹೇಳೋರು, ನಿಮ್ಮಮ್ಮಿ ದೊಡ್ಡ ಮನಸಿನೋಳು, ನಿನಗೆ ಜೀವ ಕೊಟ್ಲು ಅಂತ. ಮರ ಹತ್ತಿ ಬಿದ್ದು ಮಂಡಿ ಒಡೆದುಕೊಂಡ್ರೂ, ಇದಕ್ಕೇನಾ ಅವಳು ಸತ್ತಿದ್ದು ಅನ್ನೋರು. ನನಗೆ ದೊಡ್ಡ ಮನಸಿನ ಅಮ್ಮಿ ಬೇಡಾಗಿತ್ತು. ತಲೆ ಬಾಚೋವಾಗ ಜಡೆ ಜಗ್ಗಿ ಬೈಯೋ ಅಮ್ಮಿ ಸಾಕಾಗಿತ್ತು.’

ಬಹಳ ಹೊತ್ತಿನ ಮೇಲೆ ನೋಡಿದರೆ ನಾನು ಕಾಳನ್ನು ಸಿಪ್ಪೆಯ ಗುಡ್ಡೆಗೆ ಹಾಕಿ ಸಿಪ್ಪೆಯನ್ನು ಮೊರಕ್ಕೆ ಹಾಕುತ್ತಿದ್ದೆ. ಮಲ್ಕಾಳೇ ಮೊದಲು ನಕ್ಕಳು.

14 ನವೆಂಬರ್, ಗುರುವಾರ

ಮೋಸ! ಅಪ್ಪಟ ಮೋಸ! ಒಂದು ವಾರ ಎಲ್ಲರ ನಿದ್ದೆ ಕೆಡಿಸಿ, ಇವತ್ತು ಹಳ್ಳ ಇದ್ದಕ್ಕಿದ್ದಂತೆ ಇಳಿಯಿತಂತೆ, ಪೇಟೆಯಿಂದ ದೊಡ್ಡ ಡಾಕ್ಟರು ಕಾರಿನಲ್ಲಿ ಬಂದರಂತೆ, ತಾಯಿ ಮಗು ಇಬ್ಬರೂ ಕ್ಷೇಮ. ನಾಟಕ ಬರೆದವರಿಗೆ ಕೊನೆಗೆ ಧೈರ್ಯ ಬರಲಿಲ್ಲ. ನಾನು ಸಿಟ್ಟಿನಿಂದ ದಿಂಬು ಎಸೆದೆ.

ಅತ್ತೆಗೆ ಹಬ್ಬ. ‘ಬಂದ್ನಾ ದಾರೀಗೆ? ನಿನ್ ಡಾಕ್ಟ್ರೂ ಕೊನೇಗೆ ಮುಸುಕು ಆಕ್ಕೊಂಡ!’

ನಾನು ಯಾರ ಪಕ್ಷ ಅನ್ನುವುದೇ ಮರೆತುಹೋಗಿ ಇಬ್ಬರೂ ಸೇರಿ ಬೈದೆವು. ಅವಳನ್ನು ಕೊನೆಗೂ ಯಾರೂ ಏನೂ ಕೇಳಲೇ ಇಲ್ಲವಲ್ಲ ಎಂದು ನಾನೇ ಅಂದೆ ಅಂತ ಕಾಣುತ್ತದೆ.

5 ಡಿಸೆಂಬರ್

ಕಾಲು ಊದಿಕೊಂಡು ಕುಂಬಳಕಾಯಿಯಾಗಿವೆ. ಅತ್ತೆ ಸೋಪು ಹಚ್ಚಿ ಕಾಲುಂಗುರ ಬಿಚ್ಚಿದರು. ಮಲ್ಕಾ ಎರಡು ಪಾದಕ್ಕೂ ಕಣ್ಣು ಮೂಗು ಬರೆದು ಗಂಡ ಹೆಂಡತಿ ಮಾಡಿದ್ದಾಳೆ. ಗಂಡನಿಗೆ ಮಾತು ಕಮ್ಮಿ.

ಫೆಬ್ರವರಿಯಲ್ಲಿ ಟೆಂಟಿಗೆ ಇನ್ನೊಂದು ಮುಸುಕಿನ ಪಿಕ್ಚರು ಬರುತ್ತದಂತೆ. ನಾನೂ ಬರುತ್ತೇನೆ ಅಂದಿದ್ದೇನೆ. ಸಂಕ್ರಾಂತಿಗೆ ಮಲ್ಕಾಳ ಮಕ್ಕಳಿಗೆ ಎಳ್ಳು ಬೀರಬೇಕು. ಅತ್ತೆಗೆ ರುಜು ಹಾಕುವುದನ್ನು ಕಲಿಸುತ್ತಿದ್ದೇನೆ, ಪಟಾ ಆಗಿದೆ, ಲಮ್ಮ ಬಾಕಿ.

ತಲೆನೋವು.

12 ಡಿಸೆಂಬರ್, ಗುರುವಾರ. ಆಸ್ಪತ್ರೆ

ಈಗ ಪೆನ್ಸಿಲು ಹಿಡಿಯಲು ಆಗುತ್ತಿದೆ. ನಡೆದದ್ದನ್ನು ಬರೆಯುತ್ತೇನೆ.

ಸೋಮವಾರ ಬೆಳಿಗ್ಗೆ ಕಣ್ಣ ಮುಂದೆ ಕಿಡಿ ಹಾರಿದ ಹಾಗಾಯಿತು. ಅತ್ತೆ ನನ್ನ ಮುಖ ನೋಡಿದವರೇ ಸರ್ದಾರ್ ಅವರನ್ನು ಕೂಗಿದರು. ಲಾರಿಯಿಂದ ದ್ರಾಕ್ಷಿ ಬುಟ್ಟಿಗಳನ್ನೆಲ್ಲ ಇಳಿಸಿ, ಹಾಸಿಗೆ ಹಾಸಿ, ನನ್ನನ್ನು ಮಲಗಿಸಿಕೊಂಡು, ಹೆಬ್ಬಾಳದ ಕೆರೆ ಏರಿಯ ಮೇಲೆ ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿದರು. ಮಲ್ಕಾ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಗುಂಡಿ ಬಂದಾಗಲೆಲ್ಲ ಗಂಡನನ್ನು ಬೈಯುತ್ತಿದ್ದಳು.

ಲೇಡಿ ಡಾಕ್ಟರು ನೋಡಿ ಆಚೆ ಹೋದರು. ಅರ್ಧ ಬಾಗಿಲು, ಎಲ್ಲ ಕೇಳಿಸುತ್ತಿತ್ತು. ಬಿ.ಪಿ. ಮೇಲೇರಿದೆ, ಈಗಲೇ ಆಪರೇಷನ್ ಮಾಡಿದರೆ ತಾಯಿಗೆ ಅಪಾಯ ಕಡಿಮೆ. ಆದರೆ ಮಗುವಿಗೆ ದಿನ ತುಂಬಿಲ್ಲ, ಉಳಿಯುತ್ತದೆ ಅಂತ ಮಾತು ಕೊಡಲಾರೆ. ಕಾದರೆ ಮಗು ಬಲಿಯಬಹುದು; ಅಷ್ಟರಲ್ಲಿ ತಾಯಿಗೆ ಫಿಟ್ಸ್ ಬಂದರೆ ಕೈಮೀರುತ್ತದೆ. ‘ನಾನು ಕಾಯಬೇಡಿ ಅಂತಲೇ ಹೇಳೋದು. ಆದರೆ ಮನೆಯವರು ಒಪ್ಪಬೇಕು.’

ಮಾವ ಗಂಟಲು ಸರಿಮಾಡಿಕೊಂಡು, ‘ಎರಡು ಓಗಿದೆ ತಾಯಿ, ಇದು ಮೂರನೇದು...’ ಅಂದರು. ಅಷ್ಟೇ ಅಂದರು. ಇವರ ಚಪ್ಪಲಿ ನೆಲಕ್ಕೆ ಉಜ್ಜುವುದು ಕೇಳುತ್ತಿತ್ತು.

ಆಮೇಲೆ ಅತ್ತೆಯ ಧ್ವನಿ. ‘ಅವಳ್ಗೆ ಕಿವಿ ಕೇಳ್ಸುತ್ತೆ, ಮಾತು ಬರ್ತದೆ. ಓದವ್ಳೆ ಬೇರೆ. ಅವಳ್ನ ಕೇಳಿ.’

‘ಪೇಷಂಟಿಗೆ ಗಾಬರಿ ಮಾಡಬಾರದಮ್ಮ.’

‘ಆಗ್ಲಿ ಗಾಬ್ರಿ. ಪ್ರಾಣ ಅವಳ್ದಲ್ವಾ?’

ಡಾಕ್ಟರು ಒಳಗೆ ಬಂದು ಸ್ಟೂಲೆಳೆದು ಕೂತು, ಆಚೆ ಹೇಳಿದ್ದನ್ನೇ ನನಗೂ ಹೇಳಿದರು. ಮಗು ಎಷ್ಟು ದಪ್ಪ ಇರಬಹುದು ಅಂದೆ. ಎರಡು ಕೈಯಲ್ಲಿ ಅಳತೆ ತೋರಿಸಿದರು. ಅಷ್ಟು ಚಿಕ್ಕವು ಬದುಕುತ್ತವಾ ಅಂದೆ. ‘ಕೆಲವು ಬದುಕಿವೆ, ನಾನೇ ಸಾಕಿ ಕಳಿಸಿದ್ದೇನೆ. ಕೆಲವು ಬದುಕಿಲ್ಲ’ ಎಂದರು. ಸುಳ್ಳು ಹೇಳಲಿಲ್ಲ.

‘ಈಗಲೇ ಮಾಡಿ. ಮಗು ಬದುಕಲಿ. ಆದರೆ ನಾನು ಬದುಕಬೇಕು’ ಅಂದೆ. ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಆಚೆ ಹಾಸಿಗೆಯವಳು ಎದ್ದು ಕೂತು ನೋಡಿದಳು.

ಇವರು ಒಳಗೆ ಬಂದು ಮಂಚದ ಕಾಲ ಹತ್ತಿರ ನೆಲದ ಮೇಲೇ ಕುಸಿದು ಕೂತರು. ಅತ್ತರು. ಅತ್ತು ಮುಗಿಸಿ, ‘ಏನಾದ್ರೂ ತಿಂತೀಯಾ?’ ಅಂದರು. ಆಪರೇಷನ್ನಿಗೆ ಹೋಗುವವಳಿಗೆ! ನರ್ಸು ಬೈದು ಆಚೆ ಕಳಿಸಿದಳು.

ಹೆಣ್ಣು ಮಗು. ಹತ್ತಿಯಲ್ಲಿ ಸುತ್ತಿ ಬೇರೆ ಕೋಣೆಯಲ್ಲಿಟ್ಟಿದ್ದಾರೆ. ನಾನಿನ್ನೂ ನೋಡಿಲ್ಲ. ಅತ್ತೆ ಹೇಗೋ ನುಗ್ಗಿ ನೋಡಿ ಬಂದು, ‘ಓತಿಕ್ಯಾತನ ಅಂಗವ್ಳೆ. ಆದ್ರೆ ಎಲ್ರುನ್ನೂ ಬೈತಾವ್ಳೆ’ ಎಂದರು.

15 ಡಿಸೆಂಬರ್

ನೋಡಿದೆ. ಓತಿಕ್ಯಾತವೇ.

ಇವತ್ತು ಉಸಿರು ಸರಿಯಿಲ್ಲ ಅನ್ನುತ್ತಾರೆ. ಬರೆಯಲಾರೆ.

17 ಡಿಸೆಂಬರ್

ಉಸಿರು ಸರಿಹೋಗಿದೆ. ನನ್ನ ಹಾಲನ್ನು ಇಂಕ್ ಫಿಲ್ಲರಿನಂಥದ್ದರಲ್ಲಿ ಹನಿಹನಿಯಾಗಿ ಬಿಡುತ್ತಾರೆ. ಬಾಗಿಲಾಚೆ ಆಡಿದ ಆ ಮಾತಿಗೆ ಅತ್ತೆ, ಮಾವನ ಜೊತೆ ಮಾತು ಬಿಟ್ಟಿದ್ದಾರಂತೆ. ಮಾವ ಬಂದು ಕಿಟಕಿಯ ಕಡೆ ನೋಡುತ್ತಾ, ‘ನೀನು ಏಳಿದ್ದೇ ಸರಿ ಕಣವ್ವ’ ಅಂದರು. ನಾನೇ ಅತ್ತೆಗೆ ಹೇಳಿ ರಾಜಿ ಮಾಡಿಸಿದೆ. ಮಾವನಿಗೆ ಆಸ್ಪತ್ರೆ ಕಟ್ಟಡ ಬಹಳ ಹಿಡಿಸಿದೆ, ಕಂಬ ತಟ್ಟಿ ತಟ್ಟಿ ನೋಡುತ್ತಾರೆ.

26 ಡಿಸೆಂಬರ್

ತಾನಾಗೇ ಕುಡಿದಳು! ಪುಟ್ಟ ಕೈ ನನ್ನ ಮೇಲೆ ಊರಿಕೊಂಡು, ಎಷ್ಟೋ ದಿನದಿಂದ ಗೊತ್ತಿದ್ದವಳ ಹಾಗೆ. ಇವರು ಅದನ್ನು ನೋಡಿ ಏನು ಮಾಡುವುದೆಂದು ತೋಚದೆ ಸ್ಟೂಲು ಹತ್ತಿ ಮೇಲಿನ ಕಿಟಕಿ ತೆಗೆದರು.

12 ಫೆಬ್ರವರಿ 1964, ಬುಧವಾರ. ಕೊಡಿಗೇಹಳ್ಳಿ

ಇವತ್ತು ತೋಟಕ್ಕೆ ಹೋದೆ. ಒಬ್ಬಳೇ, ಚಪ್ಪಲಿಯಿಲ್ಲದೆ. ಮಣ್ಣು ತಣ್ಣಗಿತ್ತು. ಚಪ್ಪರದ ಕೆಳಗೆ ಬಗ್ಗಿ ನಡೆದರೆ ಎಲ್ಲಿ ನೋಡಿದರೂ ಕಪ್ಪು ದ್ರಾಕ್ಷಿ, ಕೊಯ್ಲಿಗೆ ಬಂದಿದೆ. ಒಂದು ದೊಡ್ಡ ಗೊಂಚಲು ಕಿತ್ತುಕೊಂಡು ಕಾಲುವೆಯ ಬದುವಿನ ಮೇಲೆ ಕೂತೆ. ಸಿಪ್ಪೆ ಹುಳಿ, ಒಳಗೆ ಜೇನು. ಬೀಜವನ್ನು ದೂರಕ್ಕೆ ಉಗಿದೆ.

ಮನೆಯ ಕಡೆಯಿಂದ ಅತ್ತೆ ಕೂಗಿದರು. ‘ಲಕ್ಷ್ಮೀ! ಬಾರೇ, ಮಗಾ ಅಳ್ತಾ ಐತೆ!’

ಅಳು ನನಗೂ ಕೇಳಿಸುತ್ತಿತ್ತು. ಒಳ್ಳೆಯ ಗಟ್ಟಿ ಗಂಟಲು.

‘ಬಂದೇ ಅತ್ತೆ’ ಎಂದು ಕೂಗಿದೆ. ಗೊಂಚಲು ಮುಗಿಸಿ ಹೋದೆ.